ಬಾನೆಟ್ ಕೆಳಗಿನ ಟಿಕ್ ಟಿಕ್

"ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟಿಕ್ ಟಿಕ್ ಅಂತದೆ ಮಾರಾಯ್ರೆ, ಇಲ್ಲಿಗೆ ತರೋ ಹೊತ್ತಿಗೆ ಶಬ್ದವೇ ಇಲ್ಲ!" ಮೂಡಿಗೆರೆ, ಕಳಸದ ಕಡೆಯ ಗ್ಯಾರೇಜುಗಳಿಗೆ ಈ ದೂರು ಹೊಸದಲ್ಲ. ಅನುಭವಿ ಮೆಕ್ಯಾನಿಕ್ ಇದನ್ನು ಕೇಳಿದ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ, ಮೊದಲು ಪ್ರಶ್ನೆ ಕೇಳುತ್ತಾನೆ. ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ರೇಸ್ ಮಾಡಿದರೆ ಹೆಚ್ಚುತ್ತದೆಯೋ? ಏರಿನಲ್ಲಿ ಮಾತ್ರವೋ? ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ? ಶಬ್ದ ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದೇ ರೋಗ ಪತ್ತೆಗೆ ಮೊದಲ ದಾರಿ. ಕಬ್ಬಿಣದ ಮೈಯಲ್ಲಿ ಶಬ್ದ ಎಲ್ಲೆಲ್ಲಿಗೋ ಹರಿದು ಕಿವಿಯನ್ನು ಮೋಸಗೊಳಿಸುತ್ತದೆ. ಅದು ಬರುವ ಹೊತ್ತು ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ.

ಇಂಜಿನ್ನೋ, ಚಕ್ರವೋ?

ಮೊದಲು ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ರೇಸ್ ಮಾಡಬೇಕು. ರೇಸಿನ ಜೊತೆ ಟಿಕ್ ಟಿಕ್ ಕೂಡ ಚುರುಕಾದರೆ ಅದು ಇಂಜಿನ್ನಿನದು. ನಿಂತಾಗ ಇಲ್ಲದೆ, ಗಾಡಿ ಉರುಳಿದಾಗ ಮಾತ್ರ ಬರುವುದು ಚಕ್ರದ ಕಡೆಯದು. ತೋಟದ ಮಣ್ಣುದಾರಿಯಲ್ಲಿ ಟೈರಿನ ಗೀರಿಗೆ ಸಿಕ್ಕಿಕೊಂಡ ಜಲ್ಲಿ ಚೂರು ಡಾಂಬರು ರಸ್ತೆಗೆ ಬಂದ ಕೂಡಲೇ ಟಿಕ್ ಎನ್ನತೊಡಗುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟ ಕಟ ಎಂದರೆ ಮುಂದಿನ ಆಕ್ಸಲ್ಲಿನ ಜಾಯಿಂಟ್ ಸವೆದಿರಬೇಕು. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬಿದ್ದು, ಒಳಗೆ ಕೆಸರು ಸೇರಿದರೆ ಜಾಯಿಂಟ್ ಬೇಗ ಹಾಳಾಗುತ್ತದೆ.

ಮೂರನೆಯ ಅನುಮಾನ ಬ್ಲೋವರ್ ಮೇಲೆ. ಸಿಲ್ವರ್ ಓಕ್ ನೆರಳಲ್ಲಿ ನಿಂತ ಕಾರಿನ ಗಾಜಿನ ಬುಡದ ಜಾಲರಿಯಿಂದ ಒಣಗಿದ ಎಲೆಯೊಂದು ಜಾರಿ ಫ್ಯಾನಿಗೆ ಸಿಕ್ಕರೆ, ಅಥವಾ ಶೆಡ್ಡಿನ ಇಲಿ ಅಲ್ಲಿ ಗೂಡು ಕಟ್ಟಿದರೆ, ಡ್ಯಾಶ್‌ಬೋರ್ಡಿನೊಳಗಿಂದ ಟಕ ಟಕ ಕೇಳುತ್ತದೆ. ಬ್ಲೋವರ್ ಆಫ್ ಮಾಡಿದಾಗ ಶಬ್ದ ನಿಂತರೆ ಇಂಜಿನ್ ನಿರಪರಾಧಿ.

ಕೆಲವು ಟಿಕ್ ಟಿಕ್ ರೋಗವೇ ಅಲ್ಲ. ಇಂಧನ ಸಿಂಪಡಿಸುವ ಇಂಜೆಕ್ಟರುಗಳು ಪ್ರತಿ ಸಲ ತೆರೆದು ಮುಚ್ಚುವಾಗಲೂ ಸಣ್ಣಗೆ ಸದ್ದು ಮಾಡುತ್ತವೆ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಪುಟ್ಟ ವಾಲ್ವ್ ಕೂಡ ಹಾಗೆಯೇ. ಡೀಸೆಲ್ ಇಂಜಿನ್ನಿನ ಕಟಕಟ ಅದರ ಹುಟ್ಟುಗುಣ. ಹಳೆಯ ಸದ್ದಿನ ಪರಿಚಯ ಇದ್ದವರಿಗೆ ಮಾತ್ರ ಹೊಸದು ಗೊತ್ತಾಗುತ್ತದೆ.

ಮೊದಲು ಆಯಿಲ್

ಶಬ್ದ ಇಂಜಿನ್ನಿನದೇ ಎಂದು ಖಾತ್ರಿಯಾದರೆ ಮೊದಲು ಡಿಪ್ ಸ್ಟಿಕ್ ಎಳೆಯಬೇಕು. ಇದಕ್ಕೆ ಸಮತಟ್ಟಾದ ಜಾಗ ಬೇಕು. ಇಳಿಜಾರಿನ ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಅಳತೆ ತಪ್ಪುತ್ತದೆ. ಕಾಫಿ ಒಣಗಿಸುವ ಕಣವಾದರೂ ಸರಿ. ಇಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ತೆಗೆದಾಗ ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು.

ಬೆಟ್ಟದ ರಸ್ತೆಯಲ್ಲಿ ಇದು ಇನ್ನೂ ಮುಖ್ಯ. ಆಯಿಲ್ ಪಂಪು ಇಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನಿಂದ ಒಂದು ಕೊಳವೆಯ ಮೂಲಕ ಆಯಿಲ್ ಎಳೆಯುತ್ತದೆ. ಮುಳ್ಳಯ್ಯನಗಿರಿಯ ಏರಿನಲ್ಲೋ ಚಾರ್ಮಾಡಿ ಘಾಟಿಯ ತಿರುವಿನಲ್ಲೋ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಮೊದಲೇ ಕಡಿಮೆಯಿದ್ದರೆ ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ, ಮೇಲಿನ ಭಾಗಗಳು ಒಣಗಿ ಸದ್ದು ಮಾಡುತ್ತವೆ. ಏರಿನಲ್ಲಿ ಕೆಂಪು ಆಯಿಲ್ ದೀಪ ಮಿನುಗಿ, ಸಮತಟ್ಟಿಗೆ ಬಂದಾಗ ಆರಿಹೋದರೆ ಅದನ್ನು ಮರೆತುಬಿಡುವಂತಿಲ್ಲ.

ಇನ್ನೊಂದು ಸಂಗತಿ: ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆರದೆ ಆಯಿಲ್ ಹಾಕುವ ಮುಚ್ಚಳದ ತಳದಲ್ಲಿ ಕೆನೆಯಂಥ ಲೋಳೆ ಕೂರುತ್ತದೆ. ಅಂಥ ಗಾಡಿಗೆ ಕಿಲೋಮೀಟರ್ ಲೆಕ್ಕಕ್ಕಿಂತ ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸುವುದು ಲೇಸು.

ಟ್ಯಾಪೆಟ್ ಕಥೆ

ಆಯಿಲ್ ಸರಿಯಿದ್ದೂ ಮೇಲುಗಡೆಯಿಂದ ಸದ್ದು ಬಂದರೆ, ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್ ಮೇಲೆ ಕಣ್ಣು ಹಾಯುತ್ತದೆ. ಟ್ಯಾಪೆಟ್ಟನ್ನು ತಳ್ಳುವ ಕ್ಯಾಮ್ ಶಾಫ್ಟ್ ತಿರುಗುವುದು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಸ್ಲೋನಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ಸುತ್ತಿದರೆ ಒಂದೊಂದು ವಾಲ್ವ್ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ತೆರೆಯುತ್ತದೆ. ಒಂದೇ ಟ್ಯಾಪೆಟ್ ಸಡಿಲವಾಗಿದ್ದರೆ ಕೇಳುವುದೂ ಅಷ್ಟೇ ಟಿಕ್. ಕ್ರ್ಯಾಂಕಿನ ಕಡೆಯ ತೊಂದರೆಯಾದರೆ ಲೆಕ್ಕ ಇದರ ಎರಡರಷ್ಟು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, 1985ರ ಜಿಪ್ಸಿ, ತೋಟಗಳ ಹಳೆಯ ಡೀಸೆಲ್ ಜೀಪು ಇವುಗಳಲ್ಲೆಲ್ಲ ಟ್ಯಾಪೆಟ್ ಸಂದನ್ನು ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಸಂದು ಸಾಮಾನ್ಯವಾಗಿ 0.15ರಿಂದ 0.30 ಮಿಲಿಮೀಟರ್, ನೋಟ್ ಪುಸ್ತಕದ ಎರಡು ಮೂರು ಹಾಳೆಯಷ್ಟು ದಪ್ಪ. ಮೆಕ್ಯಾನಿಕ್ ಮೇಲಿನ ಕವರ್ ಬಿಚ್ಚಿ, ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವಂತೆ ಕ್ರ್ಯಾಂಕ್ ತಿರುಗಿಸಿ, ಫೀಲರ್ ಗೇಜಿನ ತೆಳು ಪಟ್ಟಿಯನ್ನು ಸಂದಿಗೆ ತೂರಿಸುತ್ತಾನೆ. ಎಳೆದರೆ ಪಟ್ಟಿ ಸ್ವಲ್ಪ ಹಿಡಿದಂತಾಗಬೇಕು, ಆದರೆ ಸಿಕ್ಕಿಕೊಳ್ಳಬಾರದು. ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿದು, ಇನ್ನೊಮ್ಮೆ ಎಳೆದು ನೋಡುತ್ತಾನೆ. ಸದ್ದು ಅಡಗಿಸುವ ಆತುರದಲ್ಲಿ ಹೆಚ್ಚು ಬಿಗಿದರೆ ಅನಾಹುತ: ವಾಲ್ವ್ ಪೂರ್ತಿ ಮುಚ್ಚದೆ ಬಿಸಿ ಅನಿಲ ನುಸುಳಿ ಅದರ ಅಂಚು ಸುಡುತ್ತದೆ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ, ಬಿಗಿ ಟ್ಯಾಪೆಟ್ ಸದ್ದಿಲ್ಲದೆ ಕೆಡಿಸುತ್ತದೆ.

ಈಚಿನ ಹಲವು ಇಂಜಿನ್ನುಗಳಲ್ಲಿ ಆಯಿಲ್ ಒತ್ತಡವೇ ಈ ಸಂದನ್ನು ತುಂಬುತ್ತದೆ. ರಾತ್ರಿಯೆಲ್ಲ ನಿಂತಾಗ ಆಯಿಲ್ ಇಳಿದುಹೋಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡು ಟಿಕ್ ಎಂದು ಸುಮ್ಮನಾದರೆ ಹೆದರಬೇಕಿಲ್ಲ. ನಿಮಿಷಗಟ್ಟಲೆ ಮುಂದುವರಿದರೆ ಆಯಿಲ್ ಹಳತಾಗಿರಬಹುದು, ತಪ್ಪು ದರ್ಜೆಯದಿರಬಹುದು. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರು ನಿಲ್ಲಿಸುವವರೆಗೆ ಸ್ವಿಫ್ಟ್‌ಗೆ ಕೂರಿಸುತ್ತಿದ್ದ 1.3 ಲೀಟರ್ ಇಂಜಿನ್ನಿನಲ್ಲಿ ಟೈಮಿಂಗ್ ಚೈನ್ ಬಿಗಿಯಾಗಿರುವುದಕ್ಕೂ ಆಯಿಲ್ ಒತ್ತಡವೇ ಆಧಾರ. ಅಲ್ಲಿ ಆಯಿಲ್ ನಿರ್ಲಕ್ಷಿಸಿದರೆ ಚೈನಿನ ಸದ್ದೂ ಸೇರಿಕೊಳ್ಳುತ್ತದೆ.

ತಣ್ಣಗಿದ್ದಾಗ ಬಂದು ಬಿಸಿಯಾದಾಗ ಮಾಯವಾಗುವ ಇನ್ನೊಂದು ಸದ್ದು ಸೈಲೆನ್ಸರ್ ಪೈಪು ಇಂಜಿನ್ನಿಗೆ ಕೂಡುವಲ್ಲಿನ ಸೋರಿಕೆಯದು. ಕಬ್ಬಿಣ ಹಿಗ್ಗಿದಂತೆ ಬಿರುಕು ಮುಚ್ಚಿಕೊಳ್ಳುತ್ತದೆ. ಜಾಯಿಂಟಿನ ಸುತ್ತ ಕಪ್ಪು ಮಸಿ ಕಂಡರೆ ಅನುಮಾನ ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಇದನ್ನು ಮುಂದೂಡಬಾರದು.

ಗಾಡಿ ನಿಲ್ಲಿಸಬೇಕಾದ ಸದ್ದು

ಏರಿನಲ್ಲಿ ದೊಡ್ಡ ಗೇರಿನಲ್ಲೇ ಒತ್ತಿದಾಗ ಪೆಟ್ರೋಲ್ ಇಂಜಿನ್ ಕಿಣಿಕಿಣಿ ಎಂದರೆ ಒಳಗೆ ಇಂಧನ ತಪ್ಪು ಹೊತ್ತಿನಲ್ಲಿ ಹೊತ್ತಿಕೊಳ್ಳುತ್ತಿದೆ. ಗೇರ್ ಇಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಟಿಕ್ ಅಲ್ಲದೆ ಗಡುಸಾಗಿ ಟಕ್ ಟಕ್ ಎಂದು ಇಂಜಿನ್ನಿನ ತಳದಿಂದ ಬಂದು, ಲೋಡ್ ಬಿದ್ದಾಗ ಜೋರಾದರೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿರುವ ಸಂಭವ ಹೆಚ್ಚು. ಇಲ್ಲಿ ಮುಂದಿನ ಊರಿನವರೆಗೆ ಓಡಿಸೋಣ ಎನ್ನುವ ಲೆಕ್ಕ ಕೆಲಸ ಮಾಡುವುದಿಲ್ಲ.

ಈ ರಾಡಿಗೆ ನೀರಿನಿಂದಲೂ ಅಪಾಯ. ಭದ್ರಾ ನದಿ ಉಕ್ಕಿ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುವುದು ಮಳೆಗಾಲದ ಮಾಮೂಲಿ ಸುದ್ದಿ. ಇಂಥಲ್ಲಿ ನೀರಿಗಿಳಿದ ಗಾಡಿಯ ಗಾಳಿ ಕೊಳವೆಯಿಂದ ನೀರು ಸಿಲಿಂಡರಿಗೆ ನುಗ್ಗಿದರೆ, ಒತ್ತಿದರೂ ಕುಗ್ಗದ ಆ ನೀರು ರಾಡನ್ನೇ ಬಗ್ಗಿಸಬಲ್ಲದು. ನೀರಲ್ಲಿ ನಿಂತ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು.

ಸದ್ದಿನ ಜಾಗ ಪತ್ತೆಗೆ ಮೆಕ್ಯಾನಿಕ್ಕುಗಳು ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಯ ಬಳಿಗೂ ಒತ್ತಿ ಆಲಿಸುತ್ತಾರೆ. ತಿರುಗುವ ಬೆಲ್ಟು, ಫ್ಯಾನಿನ ಹತ್ತಿರದ ಕೆಲಸವಾದ್ದರಿಂದ ಅದನ್ನು ಅವರಿಗೇ ಬಿಡುವುದು ಒಳ್ಳೆಯದು. ಮಾಲೀಕರು ಮಾಡಬಹುದಾದದ್ದು ಇಷ್ಟು: ಸದ್ದು ಬಂದಾಗಲೇ ಬಾನೆಟ್ ಎತ್ತಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಯಾವಾಗ ಬಂತು ಎಂದು ಬರೆದಿಡಿ, ಆಯಿಲ್ ನೋಡಿ. ಸದ್ದಿನ ಜೊತೆ ಕೆಂಪು ದೀಪವೂ ಹೊತ್ತಿದರೆ ಅಲ್ಲೇ ರಸ್ತೆ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಟೋಯಿಂಗ್ ಗಾಡಿಗೆ ಫೋನ್ ಮಾಡಿ.