ಹೊಸ ಹೆದ್ದಾರಿ ಬರುವ ಮೊದಲು ನಿಮ್ಮ ಅಂಗಡಿ ಮ್ಯಾಪಿನಲ್ಲಿರಲಿ

ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯಿಂದ ಘಟ್ಟ ಹತ್ತಿ ಬಂದು ವ್ಯಾಪಾರಕ್ಕೆ ಕೂತ ನಮ್ಮವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಗಳಲ್ಲೂ ಇದ್ದಾರೆ. ಹೋಟೆಲ್, ಬೇಕರಿ, ಚಪ್ಪಲಿ, ಬಟ್ಟೆ, ಫ್ಯಾನ್ಸಿ, ಫರ್ನಿಚರ್ ಹೀಗೆ. ಬಸ್ ಸ್ಟ್ಯಾಂಡ್ ಎದುರು ಅಥವಾ ಮೈನ್ ರೋಡ್ ಬದಿಯಲ್ಲಿ ಒಂದು ಕೋಣೆ ಸಿಕ್ಕಿದರೆ ಅರ್ಧ ವ್ಯಾಪಾರ ಆದ ಹಾಗೆ ಎಂಬುದು ಹಿರಿಯರ ಲೆಕ್ಕ. ಬೋರ್ಡ್ ಕಂಡವನು ನಿಲ್ಲಿಸುತ್ತಾನೆ, ಒಮ್ಮೆ ಊಟ ಹಿಡಿಸಿದರೆ ಮತ್ತೆ ಬರುತ್ತಾನೆ, ಅಷ್ಟೇ.

ಆ ಲೆಕ್ಕ ಬದಲಾಗುವ ಕಾಲ ಹತ್ತಿರ ಬಂದಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ದಿನವೇ ಮೈಸೂರು–ಕುಶಾಲನಗರ ನಡುವಿನ 92 ಕಿ.ಮೀ. ಚತುಷ್ಪಥಕ್ಕೂ ಶಂಕುಸ್ಥಾಪನೆ ಆಯಿತು. ಈ ಹೊಸ ದಾರಿ ಪೇಟೆಗಳ ಒಳಗೆ ಬರುವುದಿಲ್ಲ. ಹೊರಗಿನಿಂದಲೇ ಹೋಗುತ್ತದೆ. ಹಾಗಾದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಮದ್ದೂರು, ಚನ್ನಪಟ್ಟಣದ ಹಳೇ ರಸ್ತೆಯಲ್ಲಿ ಒಂದು ಸುತ್ತು ಬಂದರೆ ಸಾಕು. ವಡೆ ಹೋಟೆಲಿನವರು, ಗೊಂಬೆ ಅಂಗಡಿಯವರು ಬೈಪಾಸ್ ತೆರೆದ ಮೇಲೆ ಗಿರಾಕಿ ಇಲ್ಲದೆ ಎಷ್ಟು ಕಷ್ಟಪಟ್ಟರು ಎಂದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಬೈಪಾಸಿನಲ್ಲಿ ಹೋಗುವ ಕಾರಿಗೆ ನಮ್ಮ ಬೋರ್ಡ್ ಕಾಣುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಹುಡುಗಿ ಮೊಬೈಲ್ ನೋಡಿ, 'ಇಲ್ಲಿ ಇಳಿದ್ರೆ ಒಳ್ಳೆ ಬಿರಿಯಾನಿ ಸಿಗುತ್ತಂತೆ' ಅಂದರೆ ಮಾತ್ರ ಆ ಕಾರು ಹುಣಸೂರಿನ ಒಳಗೆ ತಿರುಗುತ್ತದೆ.

ಇಂಥ ಹೊತ್ತಿನಲ್ಲಿ ಅಂಗಡಿಗೆ ಬ್ಯಾಗ್ ಹಾಕಿಕೊಂಡು ಬರುವವರು ಬಹಳ. 'ವೆಬ್‌ಸೈಟ್ ಮಾಡಿಕೊಡ್ತೇವೆ ಕಾಕಾ, ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ' ಎನ್ನುತ್ತಾರೆ. ಗೂಗಲ್‌ನ ಮೊದಲ ಸ್ಥಾನವನ್ನು ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ. ಇದನ್ನು ಗೂಗಲ್ಲೇ ಹೇಳಿದೆ. ಹಾಗೆ ಹೇಳಿದವರಿಗೆ ಒಂದು ಚಾಯ ಕೊಟ್ಟು ಕಳಿಸಿ. ನಮ್ಮ ಅಭಿಪ್ರಾಯ ಇಷ್ಟು: ಸಣ್ಣ ಅಂಗಡಿಗೆ ಮೊದಲು ಬೇಕಾದದ್ದು ವೆಬ್‌ಸೈಟ್ ಅಲ್ಲ, ಮ್ಯಾಪಿನಲ್ಲಿ ಸರಿಯಾದ ಜಾಗ. ಅದಕ್ಕೆ ದುಡ್ಡು ಬೇಡ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಪುಕ್ಕಟೆ. ಅಂಗಡಿ ನಿಮ್ಮದೇ ಎಂದು ತೋರಿಸಲು ಈಗ ಹೆಚ್ಚಾಗಿ ಒಂದು ವೀಡಿಯೊ ಕೇಳುತ್ತಾರೆ. ರಸ್ತೆ, ಬೋರ್ಡ್, ಒಳಗಿನ ಸಾಮಾನು, ಆಮೇಲೆ ನೀವೇ ಬೀಗ ತೆಗೆಯುವುದು ಅಥವಾ ಗಲ್ಲಾದಲ್ಲಿ ಕೂರುವುದು, ಇವಿಷ್ಟನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯಬೇಕು. ಗಲ್ಫಿನಲ್ಲಿರುವ ಮಗ ಅಲ್ಲಿಂದಲೇ ಫೋಟೊ ಹಾಕಲಿ, ಅದಕ್ಕೆ ಅವನನ್ನು 'ಮ್ಯಾನೇಜರ್' ಎಂದು ಸೇರಿಸಿದರೆ ಸಾಕು. 'ಓನರ್' ಎಂಬ ಜಾಗದಲ್ಲಿ ಅಂಗಡಿ ಯಜಮಾನರ ಜಿಮೇಲ್ ಇರಬೇಕು. ಮಾಡಿಕೊಟ್ಟ ಹುಡುಗನ ಜಿಮೇಲ್‌ನಲ್ಲಿ ತೆರೆದು, ಅವನು ಊರು ಬಿಟ್ಟ ಮೇಲೆ ಫೋನ್ ನಂಬರ್ ಕೂಡ ಬದಲಿಸಲಾಗದೆ ಒದ್ದಾಡುವವರು ಎಲ್ಲ ಊರಿನಲ್ಲೂ ಇದ್ದಾರೆ.

ಸಮಯದ ಕಾಲಂ ಅನ್ನು ನಮ್ಮವರು ತುಂಬುವುದೇ ಇಲ್ಲ. ಅದೇ ಮುಖ್ಯ. ಶುಕ್ರವಾರ ಜುಮಾಕ್ಕೆ ಅಂಗಡಿ ಮುಚ್ಚುತ್ತೀರಿ ಎಂದಾದರೆ ಆ ದಿನಕ್ಕೆ ಎರಡು ಪಾಳಿ ಹಾಕಬಹುದು, ಬೆಳಗ್ಗಿನದು ಒಂದು, ನಮಾಝಿನ ನಂತರದ್ದು ಒಂದು. ರಮಝಾನಿನ ಸಮಯಕ್ಕೆ, ಈದ್ ರಜೆಗೆ 'ವಿಶೇಷ ಸಮಯ' ಎಂದು ಬೇರೆಯೇ ಜಾಗ ಇದೆ. 'ತೆರೆದಿದೆ' ಎಂದು ನೋಡಿ ಹತ್ತು ಕಿ.ಮೀ. ಬಂದವನಿಗೆ ಶಟರ್ ಎಳೆದಿರುವುದು ಕಂಡರೆ ಅವನು ಮತ್ತೆ ಬರುವುದಿಲ್ಲ, ಬಂದರೂ ಒಂದು ನಕ್ಷತ್ರ ಕೊಟ್ಟು ಹೋಗುತ್ತಾನೆ. ಎಚ್.ಡಿ. ಕೋಟೆಯಲ್ಲಿ ಇದಕ್ಕೆ ಇನ್ನೂ ಬೆಲೆ ಇದೆ. ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ಕಾಡಿನ ದಾರಿ ಸಂಜೆ 6ಕ್ಕೆ ಬಂದ್ ಆಗುತ್ತದೆ, ಬೆಳಗ್ಗೆ 6ಕ್ಕೆ ತೆರೆಯುತ್ತದೆ. ಕೇರಳದ ಕಡೆ ಹೋಗುವವರು ಗೇಟಿನ ಹೊತ್ತು ನೋಡಿಕೊಂಡೇ ಊಟಕ್ಕೆ ನಿಲ್ಲಿಸುವವರು. ಬೆಳಗ್ಗೆ ಎಷ್ಟು ಗಂಟೆಗೆ ಚಾಯ ಸಿಗುತ್ತದೆ ಎಂದು ಮ್ಯಾಪಿನಲ್ಲಿ ಕಂಡರೆ ಆ ಗಿರಾಕಿ ನಿಮ್ಮವನು. ಕಬಿನಿ ಸಫಾರಿಗೆ ಬರುವವರೂ ಹಾಗೆಯೇ. ಹಲಾಲ್ ಊಟ ಹುಡುಕುವವರು ಆ ಶಬ್ದ ಹಾಕಿಯೇ ಹುಡುಕುತ್ತಾರೆ, ಆದ್ದರಿಂದ ವಿವರಣೆಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ.

ಊರಿನ ಹೆಸರಲ್ಲೇ ಒಂದು ಗೊಂದಲ ಇದೆ. ಪಿರಿಯಾಪಟ್ಟಣವನ್ನು ಇಂಗ್ಲಿಷಿನಲ್ಲಿ 'ಪಿ' ಹಾಕಿಯೂ ಬರೆಯುತ್ತಾರೆ, 'ಪೆ' ಹಾಕಿಯೂ ಬರೆಯುತ್ತಾರೆ. ಎಚ್.ಡಿ. ಕೋಟೆಯನ್ನು ಕೆಲವರು ಹೆಗ್ಗಡದೇವನಕೋಟೆ ಎಂದೇ ಹುಡುಕುತ್ತಾರೆ. ವಿವರಣೆಯಲ್ಲಿ ಎರಡೂ ರೂಪ ಬರುವ ಹಾಗೆ ಒಂದು ವಾಕ್ಯ ಬರೆದರೆ ಸಾಕು. ಆದರೆ ಅಂಗಡಿಯ ಹೆಸರಿಗೇ 'ಬೆಸ್ಟ್ ಬಿರಿಯಾನಿ ಹುಣಸೂರು' ಎಂದೆಲ್ಲ ಬಾಲ ಅಂಟಿಸಬೇಡಿ. ಬೋರ್ಡಿನಲ್ಲಿರುವ ಹೆಸರೇ ಇರಬೇಕು ಎಂಬುದು ನಿಯಮ. ಯಾರಾದರೂ ದೂರಿದರೆ ಪ್ರೊಫೈಲೇ ಹೋದೀತು.

ಫೋಟೊ ಮತ್ತು ರಿವ್ಯೂ ವಿಚಾರಕ್ಕೆ ಬಂದರೆ ನಮ್ಮ ಮಕ್ಕಳೆಲ್ಲ ಮದ್ರಸದಲ್ಲಿ ಕೇಳಿದ ಒಂದು ಘಟನೆ ನೆನಪಾಗುತ್ತದೆ. ಪ್ರವಾದಿಯವರು (ಸ.ಅ.) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದ್ದರು. ಇಂಟರ್‌ನೆಟ್ಟಿನಿಂದ ಇಳಿಸಿದ ಬಿರಿಯಾನಿ ಚಿತ್ರವನ್ನು ನಮ್ಮದೆಂದು ಹಾಕುವುದು, ತೇಗದ ಮಂಚದ ಫೋಟೊ ತೋರಿಸಿ ಬೇರೆ ಮರದ್ದು ಕೊಡುವುದು ಅದೇ ರಾಶಿ ಅಲ್ಲವೇ? ನಮ್ಮ ಅಡುಗೆಮನೆಯ ತಟ್ಟೆಯನ್ನೇ ಬೆಳಗ್ಗಿನ ಬೆಳಕಲ್ಲಿ ಬಾಗಿಲ ಬಳಿ ಇಟ್ಟು ತೆಗೆದರೆ ಯಾವ ಕ್ಯಾಮರಾದವನೂ ಬೇಡ.

ರಿವ್ಯೂ ಕೂಡ ಹಾಗೆಯೇ. ಮನೆಮಂದಿ, ಅಳಿಯಂದಿರು ಎಲ್ಲ ಸೇರಿ ಒಂದೇ ರಾತ್ರಿ ಐದೈದು ನಕ್ಷತ್ರ ಒತ್ತುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬರೆದವರಿಗೆ ರಿಯಾಯಿತಿ ಕೊಡುವುದೂ ವಿರುದ್ಧ. ಆನ್‌ಲೈನ್ ವೇದಿಕೆಗಳಲ್ಲಿ ಮಾರುವವರು ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯಬಾರದು ಎಂದು 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳೂ ಹೇಳುತ್ತವೆ. ಉಂಡು ಹೋಗುವವರಲ್ಲಿ 'ಒಂದು ಮಾತು ಬರೀರಿ' ಎಂದು ಕೇಳಿ, ಗಲ್ಲಾದ ಹತ್ತಿರ ಒಂದು ಕ್ಯೂಆರ್ ಚೀಟಿ ಅಂಟಿಸಿ. ಕೆಟ್ಟದಾಗಿ ಬರೆದವನಿಗೆ ಜಗಳದ ಉತ್ತರ ಬೇಡ. ಮುಂದೆ ಬರುವ ನೂರು ಜನ ಓದುವುದು ಅವನ ಮಾತಿಗಿಂತ ನಿಮ್ಮ ಉತ್ತರವನ್ನು.

ಮನೆಯಲ್ಲೇ ಪತ್ತಿರ್, ಕಲ್ತಪ್ಪ, ಉಪ್ಪಿನಕಾಯಿ ಮಾಡಿ ಮಾರುವ, ಬುರ್ಖಾ ಹೊಲಿದು ಕೊಡುವ ಹೆಂಗಸರಿಗೆ ಮನೆಯ ವಿಳಾಸ ಊರಿಗೆಲ್ಲ ಕಾಣುತ್ತದಲ್ಲ ಎಂಬ ಅಳುಕು ಇರುತ್ತದೆ. ಪ್ರೊಫೈಲ್‌ನಲ್ಲಿ ವಿಳಾಸ ಮುಚ್ಚಿಟ್ಟು, ಯಾವ ಯಾವ ಊರಿಗೆ ಕೊಡುತ್ತೀರಿ ಎಂದಷ್ಟೇ ತೋರಿಸಬಹುದು. ಸ್ವಂತ ನಂಬರ್ ಕೊಡಲು ಮನಸ್ಸಿಲ್ಲದಿದ್ದರೆ ವ್ಯಾಪಾರಕ್ಕೆಂದೇ ಇನ್ನೊಂದು ಸಿಮ್ ತೆಗೆದು ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಲ್ಯಾಂಡ್‌ಲೈನ್ ನಂಬರಿಗೂ ಅದು ಆಗುತ್ತದೆ. ಅದರ ಕ್ಯಾಟಲಾಗ್‌ನಲ್ಲಿ ಫೋಟೊ, ಬೆಲೆ ಎಲ್ಲ ಹಾಕಿಟ್ಟರೆ ದಿನಕ್ಕೆ ಇಪ್ಪತ್ತು ಸಲ 'ಎಷ್ಟು ತಾತಾ?' ಎಂಬ ಪ್ರಶ್ನೆಗೆ ಉತ್ತರಿಸುವುದು ತಪ್ಪುತ್ತದೆ. 'ಬ್ರಾಡ್‌ಕಾಸ್ಟ್' ಕಳಿಸುವಾಗ ಒಂದು ವಿಷಯ ತಿಳಿದಿರಲಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇನ್ನು, ತಿನ್ನುವ ಪದಾರ್ಥವನ್ನು ಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು.

ಹಾಗಾದರೆ ವೆಬ್‌ಸೈಟ್ ಬೇಡವೇ? ಹುಣಸೂರಿನಲ್ಲಿ ಫರ್ನಿಚರ್ ಮಾಡುವವರಿಗೆ, ಕೆ.ಆರ್. ನಗರದಿಂದ ಅಕ್ಕಿ ಕಳಿಸುವವರಿಗೆ, ಹೋಂಸ್ಟೇ ಇಟ್ಟವರಿಗೆ ಬೇಕು. ದೂರದ ಗಿರಾಕಿ ಮುಂಗಡ ಹಣ ಹಾಕುವ ಮೊದಲು ಇವರು ಯಾರು ಎಂದು ನೋಡಿಯೇ ನೋಡುತ್ತಾನೆ. ಆದರೆ ಪುಕ್ಕಟೆ ಜಾಗವನ್ನು ಮಾತ್ರ ನಂಬಿ ಕೂರಬೇಡಿ. ಬಿಸಿನೆಸ್ ಪ್ರೊಫೈಲ್ ಜೊತೆ ಗೂಗಲ್ ಕೊಟ್ಟಿದ್ದ ಪುಕ್ಕಟೆ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ಅದೇ ಮುಚ್ಚಿತು. ಆ ವಿಳಾಸವನ್ನು ಬೋರ್ಡ್, ಬಿಲ್ ಬುಕ್‌ನಲ್ಲೆಲ್ಲ ಅಚ್ಚು ಹಾಕಿಸಿದವರ ಗತಿ? 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತಾಗಲೂ ಲಕ್ಷಗಟ್ಟಲೆ ಫಾಲೋವರ್ ಇದ್ದವರು ರಾತ್ರಿ ಬೆಳಗಾಗುವುದರೊಳಗೆ ಬರಿಗೈಯಾದರು.

ಸ್ವಂತ ಡೊಮೈನ್ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ 1000 ರೂಪಾಯಿಯ ಆಸುಪಾಸು. ಅದು ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನಿನಲ್ಲೇ ನೋಂದಣಿಯಾಗಬೇಕು. ವೆಬ್‌ಸೈಟ್ ಮಾಡಿದವನು ಪಾಸ್‌ವರ್ಡ್ ಕೊಡಲು ಹಿಂದೆ ಮುಂದೆ ನೋಡಿದರೆ ಬಾಕಿ ದುಡ್ಡು ಕೊಡಬೇಡಿ. ಬಾಡಿಗೆ ಕೋಣೆಯಾದರೂ ಬೀಗದ ಕೈ ನಮ್ಮ ಸೊಂಟದಲ್ಲೇ ಇರುತ್ತದಲ್ಲ. ನವೀಕರಣದ ತಾರೀಕು ಬರೆದಿಟ್ಟುಕೊಳ್ಳಿ, ತಪ್ಪಿದರೆ ಆ ಹೆಸರನ್ನು ಯಾರೂ ಕೊಂಡುಕೊಳ್ಳಬಹುದು.

ಸೈಟ್ ಹೇಗಿರಬೇಕು ಅಂದರೆ, ಕಾಡಂಚಿನಲ್ಲಿ ಒಂದು ಗೆರೆ ನೆಟ್‌ವರ್ಕ್ ಇದ್ದರೂ ತೆರೆಯುವಂತಿರಬೇಕು. ಓಡುವ ಚಿತ್ರ, ಸಂಗೀತ ಏನೂ ಬೇಡ. ಮೇಲೆಯೇ ಫೋನ್ ನಂಬರ್, ಒತ್ತಿದರೆ ಕರೆ ಹೋಗಬೇಕು. ಕನ್ನಡವನ್ನು ಯೂನಿಕೋಡ್‌ನಲ್ಲೇ ಹಾಕಿಸಿ. ಫ್ಲೆಕ್ಸ್ ಮಾಡುವವರು ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಹುಡುಕಿದವರಿಗೆ ಅದು ಸಿಗುವುದಿಲ್ಲ. ಬೆಲೆಪಟ್ಟಿಯನ್ನು ಫೋಟೊ ಬದಲು ಅಕ್ಷರದಲ್ಲಿ ಹಾಕಿ.

ಜಾಹೀರಾತಿಗೆ ದುಡ್ಡು ಹಾಕುವುದು ಇದೆಲ್ಲ ಆದ ಮೇಲೆ. ಹಾಕುವುದಾದರೂ ಕರ್ನಾಟಕಕ್ಕೆಲ್ಲ ಬೇಡ, ಅಂಗಡಿಯಿಂದ ಇಷ್ಟು ಕಿ.ಮೀ. ಎಂದು ಗುರುತು ಹಾಕಿ ಹಾಕಬಹುದು. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಹರಾಜಿನ ದುಡ್ಡು ರೈತರ ಕೈಗೆ ಬರುವ ದಿನಗಳಲ್ಲಿ ಬಟ್ಟೆ, ಫರ್ನಿಚರ್ ಜಾಹೀರಾತಿಗೆ ಬೆಲೆ ಇದೆ. ಬೇಸಿಗೆಯಲ್ಲಿ ಹಾಕಿದರೆ ನೋಡುವವರು ಇದ್ದಾರು, ಕೊಳ್ಳುವವರು ಕಡಿಮೆ.

ನಂಬರ್ ಊರಿಗೆಲ್ಲ ಕಂಡ ಮೇಲೆ ಕಳ್ಳರಿಗೂ ಕಾಣುತ್ತದೆ. 'ನಾನು ಆರ್ಮಿಯವನು, ಐವತ್ತು ಊಟ ಬೇಕು' ಅಥವಾ 'ಹತ್ತು ಮಂಚ ಬೇಕು, ಅಡ್ವಾನ್ಸ್ ಕಳಿಸ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಎಂಬ ಕರೆ ದೇಶದ ಉದ್ದಗಲಕ್ಕೂ ಅಂಗಡಿಯವರಿಗೆ ಬರುತ್ತಲೇ ಇದೆ. ಹಣ ಬರುವುದಕ್ಕೆ ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ವಾಟ್ಸಾಪ್‌ನ ಆರು ಅಂಕಿಯ ಕೋಡ್ ಯಾರು ಕೇಳಿದರೂ ಕೊಡಬೇಡಿ, 'ಟು ಸ್ಟೆಪ್' ಪಿನ್ ಇಂದೇ ಹಾಕಿಕೊಳ್ಳಿ. ಮೋಸ ಹೋದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಮಧ್ಯದಲ್ಲೇ ತಡೆಯುವ ಸಾಧ್ಯತೆ ಹೆಚ್ಚು.