ಅಂಕೆಗೆ ತೆರೆಯುವ ಬಾಗಿಲು

ಅಮೆರಿಕದ ಹಲವು ಮನೆಗಳಲ್ಲಿ ಮುಂಬಾಗಿಲೆಂಬುದು ಅತಿಥಿಗಳಿಗೆ ಮೀಸಲು. ಮನೆಯವರು ಹೋಗಿಬರುವುದು ಕಾರು ನಿಲ್ಲಿಸುವ ಗ್ಯಾರೇಜಿನ ಮೂಲಕವೇ. ಕಾರಿನಲ್ಲಿ ಕುಳಿತು ಗುಂಡಿಯೊಂದನ್ನು ಒತ್ತಿದರೆ ಸಾಕು. ಹದಿನಾರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲು ಪಟ್ಟಿಪಟ್ಟಿಯಾಗಿ ಬಾಗುತ್ತ ಮೇಲಕ್ಕೆ ಸರಿದು ಚಾವಣಿಯ ಕೆಳಗೆ ಮಲಗುತ್ತದೆ. ಕಾರಿಲ್ಲದೆ ನಡೆದು ಬಂದವರಿಗಾಗಿ ಚೌಕಟ್ಟಿನ ಪಕ್ಕದಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ಬಡಿದಿರುತ್ತಾರೆ. ಅದರ ಮುಚ್ಚಳವನ್ನು ಸರಿಸಿದರೆ ಟೆಲಿಫೋನಿನಲ್ಲಿರುವಂತೆ ಅಂಕೆಗಳ ಗುಂಡಿಗಳು. ನಾಲ್ಕು ಅಂಕೆಗಳನ್ನು ಸರಿಯಾದ ಕ್ರಮದಲ್ಲಿ ಒತ್ತಬಲ್ಲವರಿಗೆ ಬಾಗಿಲು ತೆರೆಯುತ್ತದೆ. ಈ ಪೆಟ್ಟಿಗೆಗೆ ಕೀಪ್ಯಾಡ್ ಎಂದು ಹೆಸರು.

ಕಳೆದ ಬೇಸಗೆಯ ರಜೆಯಲ್ಲಿ ನ್ಯೂಜೆರ್ಸಿಯ ಅಕ್ಕನ ಮನೆಗೆ ಹೋಗಿದ್ದಾಗ ಅಲ್ಲಿಯ ಕೀಪ್ಯಾಡಿನ ಗುಟ್ಟನ್ನು ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಎಂ.ಎ. ಮಾಡಿ ಹಳಗನ್ನಡ ಪಾಠ ಹೇಳುವವನಿಗೆ ಇಂಥ ಕೆಲಸ ಏಕೆ ಬಂತೆಂದು ವಾಚಕರು ಕೇಳಬಹುದು. ಭಾವನವರು ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಅಕ್ಕನಿಗೆ ಏಣಿ ಹತ್ತಿದರೆ ತಲೆ ಸುತ್ತುತ್ತದೆ. ಮನೆಯಲ್ಲಿ ಬಿಡುವಾಗಿದ್ದ ಗಂಡಸು ನಾನೊಬ್ಬನೇ.

ಎಂಟು ವರ್ಷಗಳ ಹಿಂದೆ ಅವರು ಕೊಂಡ ಹಳೆಯ ಮನೆ ಅದು. ಹಿಂದಿನ ಯಜಮಾನ ಬಿಟ್ಟುಹೋದ ನಾಲ್ಕು ಅಂಕೆಗಳೇ ನಡೆದುಬಂದಿದ್ದವು. ಹುಲ್ಲು ಕತ್ತರಿಸುವವನಿಗೆ, ಸೂರು ರಿಪೇರಿಗೆ ಬಂದವರಿಗೆ, ಊರಿಗೆ ಹೋದಾಗ ಗಿಡಗಳಿಗೆ ನೀರು ಹಾಕಿದ ನೆರೆಮನೆಯ ಹುಡುಗಿಗೆ, ಹೀಗೆ ಹಲವರಿಗೆ ಆ ಸಂಖ್ಯೆ ಗೊತ್ತಾಗಿತ್ತು. ನಾನು ಹೋಗುವ ಮುನ್ನ ಎರಡು ಸಲ, ರಾತ್ರಿ ಮುಚ್ಚಿದ್ದ ಬಾಗಿಲು ಬೆಳಗ್ಗೆ ಬಾಯ್ತೆರೆದು ನಿಂತಿತ್ತಂತೆ. ಏನೂ ಕಳುವಾಗಿರಲಿಲ್ಲ. ಆದರೆ ಗ್ಯಾರೇಜಿಗೂ ಅಡುಗೆಮನೆಗೂ ನಡುವಣ ಬಾಗಿಲಿಗೆ ಅವರು ಎಂದೂ ಬೀಗ ಹಾಕಿದವರಲ್ಲ. ಗ್ಯಾರೇಜು ತೆರೆದಿದ್ದರೆ ಮನೆಯೇ ತೆರೆದಿದ್ದಂತೆ.

ಮೊದಲ ದಿನ ಪೆಟ್ಟಿಗೆಯ ಮುಚ್ಚಳ ಸರಿಸಿ ನೋಡಿದೆ. ನಾಲ್ಕು ಗುಂಡಿಗಳು ಮಾತ್ರ ಸವೆದು ಮಾಸಿದ್ದವು, ಉಳಿದವು ಹೊಸದರಂತಿದ್ದವು. ಗುಟ್ಟು ಅರ್ಧ ಅಲ್ಲಿಯೇ ರಟ್ಟಾಗಿತ್ತು. ನಾಲ್ಕು ಅಂಕೆ ಯಾವುವೆಂದು ತಿಳಿದರೆ ಅವನ್ನು ಜೋಡಿಸುವ ಬಗೆ ೨೪ ಮಾತ್ರ. ಕಳ್ಳನಿಗೆ ಐದು ನಿಮಿಷದ ಕೆಲಸ. (ಒಂದು ವಿನೋದ: ಒಂದು ಅಂಕೆಯನ್ನು ಎರಡು ಸಲ ಬಳಸಿ ಮೂರೇ ಗುಂಡಿ ಸವೆದಿದ್ದರೆ ಜೋಡಣೆಗಳು ೩೬ ಆಗುತ್ತವೆ. ಕಡಮೆ ಗುಂಡಿ, ಹೆಚ್ಚು ಕಷ್ಟ.) ಬದಲಾಯಿಸಲೇಬೇಕೆಂಬುದರಲ್ಲಿ ಸಂದೇಹವಿರಲಿಲ್ಲ. ತೊಡಕಿದ್ದುದು ಅಮ್ಮನ ವಿಷಯದಲ್ಲಿ.

ಎಪ್ಪತ್ತು ದಾಟಿದ ಅಮ್ಮ ಎರಡು ವರ್ಷಗಳಿಂದ ಅಕ್ಕನ ಬಳಿ ಇದ್ದಾಳೆ. ಈಚೆಗೆ ಅವಳ ನೆನಪು ಸಡಿಲವಾಗಿದೆ. ಬೆಳಗ್ಗೆ ತಿಂದ ತಿಂಡಿ ಮರೆಯುತ್ತಾಳೆ. ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ. ಹಿಂದಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ರಸ್ತೆಯಂಚಿನ ಅಂಚೆಪೆಟ್ಟಿಗೆಯಿಂದ ಕಾಗದ ತರಲು ಹೊರಗೆ ಕಾಲಿಟ್ಟಿದ್ದಳು. ಹಿಂದಿನಿಂದ ಗಾಳಿಗೆ ಮುಂಬಾಗಿಲು ಬಡಿದುಕೊಂಡು ತಾನಾಗಿಯೇ ಬೀಗ ಬಿತ್ತು. ಸುತ್ತ ಮೊಣಕಾಲೆತ್ತರದ ಹಿಮ, ಮೈಮೇಲೆ ಒಂದು ಸ್ವೆಟರು, ಕಾಲಿಗೆ ಹವಾಯಿ ಚಪ್ಪಲಿ, ಫೋನು ಒಳಗೆ. ಅಮ್ಮ ಗ್ಯಾರೇಜಿನ ಬಳಿಗೆ ನಡೆದು ಗುಂಡಿಗಳನ್ನು ಒತ್ತಿ ಒಳಗೆ ಬಂದಿದ್ದಳು. ಸಂಜೆ ಅಕ್ಕ ಗಾಬರಿಯಿಂದ, “ನಂಬರು ನೆನಪಿತ್ತಾ ಅಮ್ಮ?” ಎಂದು ಕೇಳಿದಾಗ, “ನಂಬರೆಲ್ಲ ನಂಗೆ ಗೊತ್ತಿಲ್ಲ ಕಣೆ. ಮೇಲೊಂದು, ಮಧ್ಯ ಎರಡು, ಕೆಳಗೊಂದು. ಬೆರಳು ತಾನೇ ಹೋಗತ್ತೆ” ಎಂದಳಂತೆ.

ಅವಳ ಬೆರಳಿಗೆ ಅಷ್ಟು ದಿನಗಳ ಅಭ್ಯಾಸದಿಂದ ಬಂದ ವಿದ್ಯೆ ಅದು. ಅದನ್ನು ನಾನು ಈಗ ಅಳಿಸಬೇಕಾಗಿತ್ತು. ಆಲಿಬಾಬಾನ ಕಥೆಯಲ್ಲಿ ಅಣ್ಣ ಕಾಸಿಮನು ಗುಹೆಯೊಳಗೆ ಚಿನ್ನ ತುಂಬಿಕೊಂಡ ಮೇಲೆ ಬಾಗಿಲ ಮಂತ್ರವನ್ನು ಮರೆತು ಪ್ರಾಣ ಕಳೆದುಕೊಳ್ಳುತ್ತಾನಲ್ಲವೆ? ಮುಂದಿನ ಹಿಮಗಾಲದಲ್ಲಿ ಅಮ್ಮ ಹೊರಗೆ ನಿಂತು ಹಳೆಯ ಗುಂಡಿಗಳನ್ನೇ ಒತ್ತುತ್ತಿರುವ ಚಿತ್ರ ನನ್ನ ಕಣ್ಣೆದುರು ಬಂದು ಕೈ ಹಿಂದೆಗೆಯಿತು.

ಆ ರಾತ್ರಿ ಯಂತ್ರದ ಕೈಪಿಡಿಯನ್ನೂ ಬೇರೆ ಕೆಲವು ಬರಹಗಳನ್ನೂ ಓದುತ್ತ ಕುಳಿತೆ. ಮೇಲಕ್ಕೇಳುವ ಈ ಬಾಗಿಲನ್ನು ೧೯೨೧ರಲ್ಲಿ ರೂಪಿಸಿದವನು ಸಿ. ಜಿ. ಜಾನ್ಸನ್ ಎಂಬಾತ, ೧೯೨೬ರಲ್ಲಿ ಅದಕ್ಕೆ ವಿದ್ಯುತ್ ಮೋಟಾರನ್ನೂ ಜೋಡಿಸಿದ. ಬಾಗಿಲನ್ನು ಎತ್ತುವುದು ಮೋಟಾರೆಂದು ನಾವು ತಿಳಿಯುತ್ತೇವೆ. ನಿಜವಾಗಿ ಭಾರ ಹೊರುವುದು ಬಾಗಿಲ ಮೇಲೆ ಬಿಗಿದು ಸುತ್ತಿದ ಉಕ್ಕಿನ ಸ್ಪ್ರಿಂಗುಗಳು. ಮೋಟಾರು ನೆಪಮಾತ್ರಕ್ಕೆ ತಳ್ಳುತ್ತದೆ. ಆ ಸ್ಪ್ರಿಂಗಿಗೆ ಮಾತ್ರ ಮನೆಯವರು ಕೈಹಾಕಬಾರದು. ಬಿಚ್ಚಿಕೊಂಡರೆ ಮೂಳೆ ಮುರಿಯುವಷ್ಟು ಬಲ ಅದರಲ್ಲಿ ಅಡಗಿರುತ್ತದೆ.

ಮೊದಮೊದಲ ರೇಡಿಯೋ ಗುಂಡಿಗಳಿಗೆ ಗುಟ್ಟೇ ಇರಲಿಲ್ಲ. ಒಬ್ಬರು ಒತ್ತಿದರೆ ನೆರೆಮನೆಯ ಬಾಗಿಲೂ ತೆರೆದುಕೊಳ್ಳುತ್ತಿತ್ತು. ಅನಂತರ ಗುಂಡಿಯ ಪೆಟ್ಟಿಗೆಯಲ್ಲೂ ಮೋಟಾರಿನಲ್ಲೂ ಎಂಟೋ ಹತ್ತೋ ಹನ್ನೆರಡೋ ಪುಟ್ಟ ಸ್ವಿಚ್ಚುಗಳ ಸಾಲನ್ನಿಟ್ಟರು. ಒಂದೊಂದನ್ನೂ ಮೇಲೆ ಅಥವಾ ಕೆಳಗೆ ಇಡಬಹುದು. ಎರಡು ಕಡೆಯ ಸಾಲುಗಳು ಹೊಂದಿದರೆ ಬಾಗಿಲು ತೆರೆಯುತ್ತದೆ. ಇದನ್ನೋದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮೇಲೆ-ಕೆಳಗೆ ಎಂಬಲ್ಲಿ ಗುರು-ಲಘು ಎಂದಿಟ್ಟರೆ ಇದು ನಾನು ವರ್ಷವರ್ಷವೂ ತರಗತಿಯಲ್ಲಿ ಆಕಳಿಸುವ ಹುಡುಗರೆದುರು ಕಪ್ಪುಹಲಗೆಯ ಮೇಲೆ ಬರೆಯುವ ಪ್ರಸ್ತಾರವಲ್ಲದೆ ಬೇರೆಯಲ್ಲ! ಎಂಟು ಅಕ್ಷರದ ಅನುಷ್ಟುಪ್ಪಿನ ಪಾದಕ್ಕೆ ೨೫೬ ಬಗೆ. ಹತ್ತಕ್ಷರದ ಪಂಕ್ತಿಗೆ ೧,೦೨೪. ಹನ್ನೆರಡರ ಜಗತಿಗೆ ೪,೦೯೬. ಸ್ವಿಚ್ಚುಗಳ ಲೆಕ್ಕವೂ ಅಕ್ಷರಶಃ ಅದೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೫ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಅಮೆರಿಕದ ತಂತ್ರಜ್ಞ, ಮಕ್ಕಳು ಪರಸ್ಪರ ಸಂದೇಶ ಕಳುಹಿಸುವ ಆಟಿಕೆಯೊಂದನ್ನು ಮಾರ್ಪಡಿಸಿ, ಇಂಥ ಹಳೆಯ ಬಾಗಿಲುಗಳನ್ನು ಹತ್ತು ಸೆಕೆಂಡಿನೊಳಗೆ ತೆರೆಯಬಹುದೆಂದು ತೋರಿಸಿಕೊಟ್ಟ. ಆ ಆಟಿಕೆಗೆ ಅವನಿಟ್ಟ ಹೆಸರು ‘ಓಪನ್ ಸೆಸಮಿ’, ಆಲಿಬಾಬಾನ ಮಂತ್ರವೇ. ಅವನ ಉಪಾಯ ನಮಗೆ ಹೊಸದಲ್ಲ. ಎಂಟು ಗಣಗಳನ್ನು ನೆನಪಿಡಲು ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವನ್ನು ನಾವೆಲ್ಲ ಶಾಲೆಯಲ್ಲಿ ಉರುಹೊಡೆದಿದ್ದೇವೆ. ಅದರಲ್ಲಿ ‘ಯಮಾತಾ’ ಎಂಬುದು ಯಗಣ; ಒಂದಕ್ಷರ ಮುಂದೆ ಸರಿದರೆ ‘ಮಾತಾರಾ’ ಮಗಣ; ಮತ್ತೊಂದು ಸರಿದರೆ ‘ತಾರಾಜ’ ತಗಣ. ಬಿಡಿಬಿಡಿಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರ ಬೇಕಾಗುವ ಎಂಟು ಗಣಗಳು ಒಂದರ ಬಾಲವನ್ನು ಮತ್ತೊಂದು ಹಿಡಿದು ಹತ್ತೇ ಅಕ್ಷರಗಳಲ್ಲಿ ಅಡಗಿವೆ. ಹೀಗೆ ಹೆಣೆದ ಸಾಲುಗಳಿಗೆ ಇಂದು ಗಣಿತದಲ್ಲಿ, ೧೯೪೬ರಲ್ಲಿ ಅವನ್ನು ಕುರಿತು ಬರೆದ ಡಚ್ ಗಣಿತಜ್ಞ ದ ಬ್ರೌನ್‌ನ ಹೆಸರಿದೆ. ಹನ್ನೆರಡು ಸ್ವಿಚ್ಚುಗಳ ಎಲ್ಲ ಬಗೆಗಳನ್ನೂ ಒಂದೊಂದಾಗಿ ಕಳುಹಿಸಿದರೆ ೪೯,೧೫೨ ಸಂಕೇತಗಳಾಗುತ್ತವೆ. ಬಾಲಕ್ಕೆ ಬಾಲ ಹೆಣೆದರೆ ೪,೧೦೭ ಸಾಕು. ಹಳೆಯ ಯಂತ್ರಗಳು ಒಂದು ಗುಟ್ಟು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ವಿಚಾರಿಸುತ್ತಿರಲಿಲ್ಲ; ಹೊಂದುವ ಹನ್ನೆರಡು ಸಾಲಾಗಿ ಕೇಳಿಬಂದೊಡನೆ ತೆರೆದುಕೊಳ್ಳುತ್ತಿದ್ದವು. ಪ್ರಸ್ತಾರದಿಂದ ಏನು ಪ್ರಯೋಜನ ಸಾರ್ ಎಂದು ಕೇಳುವ ಹುಡುಗನಿಗೆ ಕೊಡಲು ಕೊನೆಗೂ ನನಗೊಂದು ಉತ್ತರ ಸಿಕ್ಕಿತು, ಅಷ್ಟೇನೂ ಸಭ್ಯವಾದುದಲ್ಲದಿದ್ದರೂ.

ಪುಣ್ಯಕ್ಕೆ ಅಕ್ಕನ ಮನೆಯ ಯಂತ್ರ ಅನಂತರದ ಕಾಲದ್ದು. ಇವುಗಳಲ್ಲಿ ಗುಂಡಿ ಒತ್ತಿದ ಪ್ರತಿಸಲವೂ ಸಂಕೇತ ಬದಲಾಗುತ್ತದೆ. ಒಮ್ಮೆ ಬಳಸಿದ ಸಂಕೇತವನ್ನು ಯಂತ್ರ ಮತ್ತೆ ಒಪ್ಪುವುದಿಲ್ಲ. ಆದರೆ ಕೈಪಿಡಿಯಿಂದ ಇನ್ನೊಂದು ಸಂಗತಿ ತಿಳಿಯಿತು. ನಾಲ್ಕಂಕೆಯನ್ನು ಮಾತ್ರ ಬದಲಾಯಿಸಿದರೆ, ಹಿಂದಿನ ಯಜಮಾನನ ಕಾರಿನಲ್ಲಿ ಮರೆತುಹೋದ ರಿಮೋಟು ಎಲ್ಲಾದರೂ ಇದ್ದರೆ, ಅದು ಬಾಗಿಲನ್ನು ತೆರೆಯುತ್ತಲೇ ಇರುತ್ತದೆ. ಯಂತ್ರ ಎಲ್ಲವನ್ನೂ ಮರೆಯಬೇಕು. ಬೇಕಾದುದನ್ನು ಹೊಸದಾಗಿ ಕಲಿಯಬೇಕು.

ಇನ್ನು ಹೊಸ ಸಂಖ್ಯೆ ಯಾವುದು? ಭಾವನವರು ಫೋನಿನಲ್ಲಿ ತಮ್ಮ ಮದುವೆಯ ವರ್ಷವನ್ನು ಸೂಚಿಸಿದರು. ಹುಟ್ಟಿದ ವರ್ಷ, ಮದುವೆಯ ವರ್ಷ, ಮನೆಯ ನಂಬರು ಇವನ್ನೇ ಯಾರಾದರೂ ಮೊದಲು ಊಹಿಸುತ್ತಾರೆಂದು ಅಕ್ಕ ತಳ್ಳಿಹಾಕಿದಳು. ಅವಳು ಹೇಳಿದ ಸಂಖ್ಯೆಯನ್ನು ಅಮ್ಮನಿಗೆ ಮೂರು ಸಲ ಹೇಳಿಕೊಟ್ಟೆವು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದು ಮರೆತುಹೋಗಿತ್ತು. “ಬಿಡ್ರೋ, ನಾನು ಆಚೆಗೇ ಹೋಗಲ್ಲ” ಎಂದು ಅಮ್ಮ ನಕ್ಕಳು. ಆ ನಗೆ ನಮ್ಮಿಬ್ಬರಿಗೂ ಹಿತವಾಗಲಿಲ್ಲ.

ಸಂಜೆ ಅವಳು ತರಕಾರಿ ಹೆಚ್ಚುತ್ತ ಏನನ್ನೋ ಗುನುಗುತ್ತಿದ್ದಳು. ಯಾವ ರಾಗವೆಂದು ಸುಮ್ಮನೆ ಕೇಳಿದೆ. “ಕಲ್ಯಾಣಿ ಅಲ್ವೇನೋ? ಅರವತ್ತೈದನೇ ಮೇಳ” ಎಂದಳು, ತಲೆಯೆತ್ತದೆ. ನಾನು ತಡವರಿಸಿ, “ಶಂಕರಾಭರಣ?” ಎಂದೆ. “ಇಪ್ಪತ್ತೊಂಬತ್ತು.” “ಮಾಯಾಮಾಳವಗೌಳ?” “ಹದಿನೈದು. ಪರೀಕ್ಷೆ ಮಾಡ್ತಿದ್ದೀಯ ನನ್ನ?”

ಬಾಲ್ಯದಲ್ಲಿ ಮೈಸೂರಿನಲ್ಲಿ ಅವಳು ಸಂಗೀತ ಕಲಿತಿದ್ದಳು. ಎಪ್ಪತ್ತೆರಡು ಮೇಳಕರ್ತ ರಾಗಗಳ ಸಂಖ್ಯೆ ಆ ರಾಗಗಳ ಹೆಸರಿನಲ್ಲಿಯೇ ಹುದುಗಿದೆಯೆಂಬುದು ಸಂಗೀತ ಬಲ್ಲವರಿಗೆ ತಿಳಿದ ವಿಷಯ. ಕಟಪಯಾದಿ ಎಂಬ ಕ್ರಮದಂತೆ ವ್ಯಂಜನಕ್ಕೊಂದು ಅಂಕೆ; ಹೆಸರಿನ ಮೊದಲೆರಡು ಅಕ್ಷರಗಳ ಅಂಕೆಯನ್ನು ಹಿಂದುಮುಂದಾಗಿ ಓದಿದರೆ ಮೇಳದ ಸಂಖ್ಯೆ. ಮೇಚಕಲ್ಯಾಣಿಯಲ್ಲಿ ‘ಮೇ’ ಐದು, ‘ಚ’ ಆರು, ತಿರುಗಿಸಿದರೆ ೬೫. ಒಂದೊಂದು ರಾಗಕ್ಕೆ ಎರಡಂಕೆ. ಎರಡು ರಾಗಕ್ಕೆ ನಾಲ್ಕು! ೧೦,೦೦೦ ಸಂಖ್ಯೆಗಳಲ್ಲಿ ಹೀಗೆ ಸಿಗುವವು ೫,೧೮೪. ಆಯ್ಕೆಗೆ ಅದು ಬೇಕಾದಷ್ಟಾಯಿತು. ಅಮ್ಮ ತನಗೆ ಪ್ರಿಯವಾದ ಎರಡು ರಾಗಗಳನ್ನು ಆರಿಸಿಕೊಂಡಳು. ಅವು ಯಾವುವೆಂದು ಇಲ್ಲಿ ಬರೆಯುವಂತಿಲ್ಲವೆಂಬುದನ್ನು ವಾಚಕರು ಒಪ್ಪುತ್ತಾರೆಂದು ನಂಬಿದ್ದೇನೆ.

ಮರುದಿನ ಬೆಳಗ್ಗೆ ಏಣಿ ಹತ್ತಿದೆ. ಚಾವಣಿಗೆ ತೂಗುಬಿಟ್ಟ ಮೋಟಾರಿನ ಬೆನ್ನಿನಲ್ಲಿ ‘ಕಲಿ’ ಎಂಬರ್ಥದ ಗುಂಡಿಯೊಂದಿದೆ. ಪಕ್ಕದಲ್ಲಿ ಸಾಸಿವೆಯಷ್ಟು ದೀಪ. ಯಂತ್ರದಿಂದ ಯಂತ್ರಕ್ಕೆ ಕ್ರಮ ತುಸು ಬದಲಾಗುತ್ತದೆ. ಇದರಲ್ಲಿ ಆ ಗುಂಡಿಯನ್ನು ಆರು ಸೆಕೆಂಡು, ದೀಪ ಆರುವವರೆಗೆ, ಒತ್ತಿ ಹಿಡಿದರೆ ಎಲ್ಲ ರಿಮೋಟುಗಳೂ ಎಲ್ಲ ಸಂಖ್ಯೆಗಳೂ ಅಳಿಯುತ್ತವೆ. ಹಿಡಿದೆ. ದೀಪ ಆರಿತು. ಎಂಟು ವರ್ಷಗಳ ನೆನಪು ಅಷ್ಟರಲ್ಲಿ ಹೋಯಿತು. ಅನಂತರ ಅದೇ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ದೀಪ ಮತ್ತೆ ಹೊತ್ತಿಕೊಂಡು ಮೂವತ್ತು ಸೆಕೆಂಡು ಉರಿಯುತ್ತದೆ. ಅಷ್ಟರೊಳಗೆ ಕೀಪ್ಯಾಡಿನಲ್ಲಿ ಹೊಸ ನಾಲ್ಕಂಕೆ ಒತ್ತಿ, ‘ಎಂಟರ್’ ಗುಂಡಿಯನ್ನು ಮೋಟಾರಿನ ದೊಡ್ಡ ಬಲ್ಬು ಮಿನುಗುವ ತನಕ ಹಿಡಿಯಬೇಕು.

ಕೀಪ್ಯಾಡಿನ ಬಳಿ ನಿಲ್ಲಿಸಿದ್ದು ಅಮ್ಮನನ್ನೇ. ಅಕ್ಕನ ಮಗಳು ಒತ್ತಬಹುದಾಗಿತ್ತು, ಆದರೆ ಮೊದಲ ಸಲ ಅಮ್ಮನ ಬೆರಳೇ ಹೋಗಲೆಂದು ನನ್ನ ಹಟ. “ಈಗ ಒತ್ತಮ್ಮ” ಎಂದು ಮೇಲಿನಿಂದ ಕೂಗಿದೆ. ಅವಳು ಮೊದಲನೆಯ ರಾಗವನ್ನು ಗುನುಗಿ, ಅಂಕೆ ಹುಡುಕಿ, ಎರಡನೆಯದನ್ನು ಗುನುಗುವಷ್ಟರಲ್ಲಿ ಮೂವತ್ತು ಸೆಕೆಂಡು ಕಳೆದು ದೀಪ ಆರಿತು. ಮತ್ತೆ ಒತ್ತಿದೆ, ‘ಎಂಟರ್’ ಬಿಟ್ಟುಹೋಯಿತು. ಮೂರನೆಯ ಸಲ ಬಲ್ಬು ಮಿನುಗಿತು. ಕಾರುಗಳ ರಿಮೋಟುಗಳಿಗೂ ಹೀಗೆಯೇ ಪಾಠವಾಯಿತು.

ಚಳಿಯಲ್ಲಿ ಬ್ಯಾಟರಿಯ ಕಸುವು ಕುಗ್ಗುತ್ತದಾದ್ದರಿಂದ ಕೀಪ್ಯಾಡಿನ ಹಳೆಯ ಬ್ಯಾಟರಿ ತೆಗೆದು ಹೊಸದನ್ನಿಟ್ಟೆ. ಬಾಗಿಲ ಇಕ್ಕೆಲದಲ್ಲಿ ನೆಲದಿಂದ ಆರಂಗುಲದೊಳಗೆ ಎರಡು ಬೆಳಕಿನ ಕಣ್ಣುಗಳಿರುತ್ತವೆ. ಇಳಿಯುವ ಬಾಗಿಲಿಗೆ ಏನಾದರೂ ಅಡ್ಡ ಬಂದರೆ ಅದನ್ನು ಹಿಂದಿರುಗಿಸಲು. ೧೯೯೩ರಿಂದೀಚೆಗೆ ಇಂಥ ರಕ್ಷಣೆಯಿಲ್ಲದ ಯಂತ್ರವನ್ನು ಮನೆಗಳಿಗೆ ತಯಾರಿಸುವಂತಿಲ್ಲವೆಂದು ಅಲ್ಲಿ ಕಾನೂನಿದೆ. ಅವುಗಳ ಧೂಳು ಒರೆಸಿದೆ. ಕರೆಂಟು ಹೋದಾಗ ಒಳಗಿನಿಂದ ಎಳೆಯಬೇಕಾದ ಕೆಂಪು ಹಗ್ಗವನ್ನು ಮಕ್ಕಳಿಗೂ ಅಮ್ಮನಿಗೂ ತೋರಿಸಿಕೊಟ್ಟೆ. ೨೦೧೭ರಲ್ಲಿ ಕ್ಯಾಲಿಫೋರ್ನಿಯದ ಕಾಳ್ಗಿಚ್ಚಿನಲ್ಲಿ ಕರೆಂಟಿಲ್ಲದೆ ಬಾಗಿಲೆತ್ತಲಾರದೆ ಸಿಕ್ಕಿಬಿದ್ದವರಲ್ಲಿ ವೃದ್ಧರಿದ್ದರು. ಆ ರಾಜ್ಯದಲ್ಲಿ ೨೦೧೯ರ ಜುಲೈಯಿಂದ ಹೊಸ ಯಂತ್ರಗಳಿಗೆ ಬ್ಯಾಟರಿಯ ಆಸರೆ ಕಡ್ಡಾಯವಾಯಿತು.

ನಾನು ಹೊರಡುವ ಹಿಂದಿನ ದಿನ, ಹತ್ತು ದಿನಗಳ ಮೇಲೆ, ಒಂದು ಪರೀಕ್ಷೆ ಮಾಡಿದೆ. ಅಮ್ಮ ಹೂಗಿಡಗಳ ಬಳಿ ನಿಂತಿದ್ದಾಗ ಮುಂಬಾಗಿಲನ್ನು ಮೆಲ್ಲನೆ ಹಾಕಿಕೊಂಡು ಗ್ಯಾರೇಜಿನ ಕತ್ತಲಲ್ಲಿ ಬಂದು ನಿಂತೆ. ಮೋಸವೆನಿಸಿತು, ಆದರೂ ನಿಂತೆ. ಮುಂಬಾಗಿಲ ಹಿಡಿ ಅಲುಗಿದ ಸದ್ದು ಕೇಳಿಸಿತು. ಚಪ್ಪಲಿಯ ಸಪ್ಪಳ ಇತ್ತ ಬಂದು ನಿಂತಿತು. ಆಮೇಲೆ ಏನೂ ಇಲ್ಲ. ನಿಮಿಷ ಕಳೆಯಿತು, ಎರಡಾಯಿತು. ಬಾಗಿಲಿಗೆ ಕಿವಿಯಿಟ್ಟರೆ ಸಣ್ಣ ದನಿಯಲ್ಲಿ ಆಲಾಪನೆ, ನಿಲ್ಲುತ್ತ, ಮತ್ತೆ ಏಳುತ್ತ. ಒಳಗಿನ ಗುಂಡಿ ಒತ್ತಿ ತೆರೆದುಬಿಡಲೇ ಎಂದು ಕೈಯೆತ್ತಿದ್ದೆ. ಅಷ್ಟರಲ್ಲಿ ಮೇಲೆ ಬಲ್ಬು ಹೊತ್ತಿ ಮೋಟಾರು ಗುರುಗುಟ್ಟಿತು. ಮೊದಲು ಬೆಳಕಿನ ಗೆರೆ, ಅನಂತರ ಹವಾಯಿ ಚಪ್ಪಲಿ, ಸೀರೆಯ ಅಂಚು, ಕೈಯಲ್ಲಿ ಕಿತ್ತ ನಾಲ್ಕು ಹೂ.

“ಇಲ್ಲೇ ಇದ್ದೀಯಲ್ಲ!” ಎಂದಳು ಅಮ್ಮ. “ಎರಡನೇದಕ್ಕೆ ಬರೋ ಹೊತ್ತಿಗೆ ಒಂದು ಹಳೇ ವರ್ಣ ನೆನಪಾಯ್ತು ಕಣೋ. ಅದನ್ನು ಅರ್ಧಕ್ಕೆ ಬಿಡೋಕೆ ಮನಸ್ಸಾಗಲಿಲ್ಲ.”