ಜ್ಞಾನದ ವರ್ಗೀಕರಣ

ಒಂದು ಗ್ರಂಥಾಲಯದಲ್ಲಿ ಐವತ್ತು ಸಾವಿರ ಪುಸ್ತಕಗಳಿವೆಯೆಂದು ಭಾವಿಸೋಣ. ಅವುಗಳನ್ನು ಬಂದ ಬಂದ ಹಾಗೆ ಕಪಾಟುಗಳಲ್ಲಿ ತುಂಬಿದರೆ, ಬೇಕಾದುದನ್ನು ಹುಡುಕುವುದರಲ್ಲಿಯೇ ಓದುಗನ ದಿನವೆಲ್ಲ ಕಳೆದುಹೋಗುತ್ತದೆ. ಇದ್ದೂ ಕೈಗೆ ಸಿಗದ ಪುಸ್ತಕವು ಇಲ್ಲದ ಪುಸ್ತಕಕ್ಕೆ ಸಮಾನ. ಆದುದರಿಂದ ಪುಸ್ತಕಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಇಡುವುದು ಅವಶ್ಯಕ. ಈ ಕಾರ್ಯಕ್ಕೆ ವರ್ಗೀಕರಣವೆಂದು ಹೆಸರು.

ಹಿಂದೆ ಅನೇಕ ಗ್ರಂಥಾಲಯಗಳಲ್ಲಿ ಪುಸ್ತಕದ ಗಾತ್ರವನ್ನೋ ಅದು ಬಂದ ಕ್ರಮವನ್ನೋ ನೋಡಿ ಅದಕ್ಕೆ ಸ್ಥಳವನ್ನು ಗೊತ್ತುಮಾಡುತ್ತಿದ್ದರು. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿಯವರು ದಶಮಾಂಶ ವರ್ಗೀಕರಣ ಪದ್ಧತಿಯನ್ನು ಪ್ರಕಟಿಸಿದರು. ಇದರಲ್ಲಿ ಸಮಸ್ತ ಜ್ಞಾನವನ್ನು ಹತ್ತು ವರ್ಗಗಳಾಗಿಯೂ, ಪ್ರತಿಯೊಂದು ವರ್ಗವನ್ನು ಮತ್ತೆ ಹತ್ತು ಭಾಗಗಳಾಗಿಯೂ ವಿಂಗಡಿಸಲಾಗಿದೆ. 500 ಎಂಬ ಅಂಕಿ ವಿಜ್ಞಾನವನ್ನು ಸೂಚಿಸಿದರೆ, 510 ಗಣಿತವನ್ನೂ 512 ಬೀಜಗಣಿತವನ್ನೂ ಸೂಚಿಸುತ್ತವೆ. ಹೊಸ ಪುಸ್ತಕ ಬಂದಾಗ ಅದು ತನ್ನ ಬಳಗವನ್ನು ತಾನೇ ಸೇರುತ್ತದೆ.

ಈ ಪದ್ಧತಿ ಜಗತ್ತಿನಾದ್ಯಂತ ಹರಡಿತು. ಆದರೆ ಅದರಲ್ಲಿ ಕೊರತೆಗಳೂ ಇದ್ದವು. ಧರ್ಮದ ವರ್ಗದಲ್ಲಿ ಹೆಚ್ಚಿನ ಭಾಗಗಳು ಕ್ರೈಸ್ತಧರ್ಮಕ್ಕೆ ಮೀಸಲಾದವು. ಪ್ರಪಂಚದ ಉಳಿದ ಧರ್ಮಗಳೆಲ್ಲ 290 ಎಂಬ ಒಂದೇ ಭಾಗದಲ್ಲಿ ಇಕ್ಕಟ್ಟಾಗಿ ಸೇರಬೇಕಾಯಿತು. ವಿಂಗಡಿಸುವವನ ದೃಷ್ಟಿಯೇ ವಿಂಗಡಣೆಯಲ್ಲಿ ಮೂಡುತ್ತದೆಂಬುದಕ್ಕೆ ಇದು ನಿದರ್ಶನ. ಇದಲ್ಲದೆ, ಹಲವು ವಿಷಯಗಳು ಬೆರೆತ ಪುಸ್ತಕವನ್ನು ಮೊದಲೇ ಗೊತ್ತಾದ ಒಂದು ಮನೆಯೊಳಗೆ ಕೂರಿಸುವುದು ಕಷ್ಟವಾಗಿತ್ತು.

ಈ ತೊಡಕಿಗೆ ಪರಿಹಾರವನ್ನು ಕಂಡವರು ಭಾರತದ ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಅಧ್ಯಯನಕ್ಕಾಗಿ ಲಂಡನ್ನಿಗೆ ಹೋಗಿದ್ದಾಗ, ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟದ ಸಾಮಾನನ್ನು ಕಂಡರು. ಅದೇ ಬಿಡಿ ಪಟ್ಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಬಗೆಬಗೆಯ ಆಟಿಕೆಗಳನ್ನು ಮಾಡಬಹುದಾಗಿತ್ತು. ವಿಷಯಗಳನ್ನೂ ಹೀಗೆಯೇ ಬಿಡಿಸಿ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. ಇದರ ಫಲವಾದ ‘ಕೋಲನ್ ವರ್ಗೀಕರಣ’ವು 1933ರಲ್ಲಿ ಪ್ರಕಟವಾಯಿತು.

ಕರ್ನಾಟಕದಲ್ಲಿ ರಾಗಿಯ ಬೆಳೆಗೆ ತಗಲುವ ರೋಗಗಳ ನಿವಾರಣೆಯನ್ನು ಕುರಿತ ಪುಸ್ತಕವನ್ನು ತೆಗೆದುಕೊಳ್ಳಿ. ಇಲ್ಲಿ ಬೆಳೆ, ರೋಗ, ನಿವಾರಣೆ, ಪ್ರದೇಶ ಎಂಬ ನಾಲ್ಕು ಮುಖಗಳಿವೆ. ರಂಗನಾಥನ್ ಅವರ ಪದ್ಧತಿಯಲ್ಲಿ ಪ್ರತಿಯೊಂದು ಮುಖಕ್ಕೂ ಒಂದೊಂದು ಸಂಕೇತವಿದ್ದು, ಅವುಗಳನ್ನು ಕೋಲನ್ ಮೊದಲಾದ ಚಿಹ್ನೆಗಳಿಂದ ಕೂಡಿಸಲಾಗುತ್ತದೆ. ಪುಸ್ತಕವು ಕಪಾಟಿನಲ್ಲಿ ಒಂದೇ ಕಡೆ ಇದ್ದರೂ, ಸೂಚಿಯ ಮೂಲಕ ಯಾವ ಮುಖದಿಂದ ಬಂದವನಿಗೂ ಅದರ ದಾರಿ ದೊರೆಯುತ್ತದೆ.

ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ನಿಧನರಾದರು. ಓದುಗನ ಕಾಲವನ್ನು ಉಳಿಸುವುದು ಗ್ರಂಥಾಲಯದ ಧರ್ಮವೆಂದು ಅವರು ನಂಬಿದ್ದರು. ಇಂದು ಗಣಕಯಂತ್ರಗಳಲ್ಲಿ ಮಾಹಿತಿಯನ್ನು ಜೋಡಿಸುವವರಿಗೂ ಮುಖಗಳಾಗಿ ವಿಂಗಡಿಸುವ ಈ ಕ್ರಮವು ಉಪಯುಕ್ತವಾಗಿದೆ. ಜ್ಞಾನವನ್ನು ಕೂಡಿಹಾಕಿದರಷ್ಟೇ ಸಾಲದು. ಅದು ಅರಸಿ ಬಂದವನ ಕೈಗೆ ಎಟುಕುವಂತಿರಬೇಕು.